ಬೇಲಿಯೊಳಗಿನ ಆಡುಗಳು

"ಆಡಿನ ವಿಷಯ ನಿಮಗೆ ಹೇಳಿದ್ದು ಯಾರು?"

ಕೇಳಿದವನು ಊರಾಚೆ ಬೇಲಿ ಹಾಕಿದ ಸರ್ಕಾರದ ಗುಟ್ಟಿನ ವಿಮಾನ ನೆಲೆಯಿಂದ ಬಂದ ಅಧಿಕಾರಿ, ಹೆಸರು ಹಾಸ್ಕಿನ್. ನೆವಾಡಾದ ಆ ಸುಡುಬಿಸಿಲಿನಲ್ಲೂ ಮಹಾಶಯ ಕೋಟು ಬಿಚ್ಚಿರಲಿಲ್ಲ. ಅಂಗಡಿಯ ಒಡತಿ ಓಪಲ್ ಅವನ ಮುಂದೆ ಪೀಚ್ ಹಣ್ಣಿನ ಸಿಹಿ ಪೈ ಒಂದು ತುಂಡು ಇಟ್ಟು, ಸೊಂಟಕ್ಕೆ ಕಟ್ಟಿದ ಬಟ್ಟೆಗೆ ಕೈ ಒರೆಸಿಕೊಂಡಳು.

"ಯಾರು ಹೇಳ್ಬೇಕು ಸಾರ್? ನಾನೇ ಹುಟ್ಟಿಸಿದ್ದು. ಕಾಗೆ ಹಾರಿಸೋದೇ ನನ್ನ ಕಸುಬು. ಹಾರೋ ತಟ್ಟೆ ನೋಡ್ಬೇಕು ಅಂತ ಎಲ್ಲೆಲ್ಲಿಂದಲೋ ಜನ ಬರ್ತಾರೆ. ತಟ್ಟೆ ಕಾಣಲ್ಲ. ಪಾಪ, ಸುಮ್ನೆ ಕಳಿಸೋಕಾಗುತ್ತಾ? ಒಂದು ಕಥೆ ಹೇಳ್ತೀನಿ, ಒಂದು ಪೈ ಮಾರ್ತೀನಿ."

ಆ ವಾರದ ಕಥೆ ಆಡಿನದು. ಬೇಲಿಯೊಳಗೆ ಸರ್ಕಾರ ದೊಡ್ಡದೊಂದು ಆಡಿನ ಮಂದೆ ಸಾಕಿದೆಯಂತೆ. ಗುಟ್ಟಿನ ವಿಮಾನ ಒಣಗಿದ ಕೆರೆಯಂಗಳದಲ್ಲಿ ಇಳಿದದ್ದೇ ತಡ, ಮಂದೆಯನ್ನು ಅದರ ಜಾಡಿನ ಮೇಲೆ ಓಡಿಸುತ್ತಾರಂತೆ. ಗೊರಸು ತುಳಿದು ತುಳಿದು ಚಕ್ರದ ಗುರುತೆಲ್ಲ ಮಾಯ. ಮೇಲಿನಿಂದ ಇಣುಕುವ ಪರದೇಶದ ಉಪಗ್ರಹಕ್ಕೆ ಆಡಿನ ಹೆಜ್ಜೆ ಬಿಟ್ಟು ಬೇರೇನೂ ಸಿಗುವುದಿಲ್ಲ. ಪ್ರವಾಸಿಗರು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಓಪಲ್ ಆಗಲೇ ಆಡಿನ ಚಿತ್ರದ ಅಂಗಿಗಳನ್ನೂ ಅಚ್ಚು ಹಾಕಿಸಿ ಬಾಗಿಲಿಗೆ ನೇತುಹಾಕಿದ್ದಳು.

"ಸುಳ್ಳು ಅಂದ್ಮೇಲೆ ನೀವ್ಯಾಕೆ ಇಷ್ಟು ದೂರ ಬಂದ್ರಿ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಾಯ್ತು."

ಹಾಸ್ಕಿನ್ ಜೇಬಿನಿಂದ ಒಂದು ಗುರುತಿನ ಚೀಟಿ ತೆಗೆದು ತಟ್ಟೆಯ ಪಕ್ಕದಲ್ಲಿಟ್ಟ. ಅದರ ಮೇಲಿದ್ದದ್ದು ಓಪಲ್‌ಳ ಗಂಡ ಡೆಲ್ಬರ್ಟ್‌ನ ಮುಖ. ಡೆಲ್ಬರ್ಟ್ ಅಲ್ಲೇ, ಕಿಟಕಿ ಪಕ್ಕದ ಮೇಜಿನಲ್ಲಿ, ಕಾಫಿ ಮುಂದಿಟ್ಟುಕೊಂಡು ತಲೆ ತಗ್ಗಿಸಿ ಕೂತಿದ್ದ. ಬೇಲಿಯೊಳಗಿನ ಕೆಲಸಕ್ಕೆ ಹೋಗುವ ಬಸ್ಸಿನಿಂದ ಅವನನ್ನು ಬೆಳಿಗ್ಗೆಯೇ ಇಳಿಸಿಕೊಂಡಿದ್ದರು.

"ಇವರು ಒಳಗಿನ ಮಾತು ಹೆಂಡತಿ ಹತ್ರ ಆಡಿದ್ದಾರೆ ಅಂತ ನಾನು ಮೇಲಕ್ಕೆ ಹೇಳಿದ್ರೆ, ನಾಳೆಯಿಂದ ಬಸ್ಸು ಇವರಿಗೆ ನಿಲ್ಲಲ್ಲ," ಎಂದ ಹಾಸ್ಕಿನ್. "ಪಿಂಚಣಿನೂ ಇಲ್ಲ. ಜೈಲಾದ್ರೂ ಆಶ್ಚರ್ಯ ಇಲ್ಲ."

ಬೇಲಿಯೊಳಗೆ ದುಡಿಯುವವರ ಕಟ್ಟುಪಾಡು ಊರಿಗೇ ಗೊತ್ತು. ಒಳಗೆ ಒಬ್ಬೊಬ್ಬನಿಗೆ ಅವನವನ ಕೆಲಸ ಮಾತ್ರ ಗೊತ್ತಿರುತ್ತದೆ, ಪಕ್ಕದ ಬಾಗಿಲಲ್ಲಿ ಏನಿದೆ ಎಂದು ಕೇಳುವಂತಿಲ್ಲ. ಹೊರಗೆ ಬಂದರೆ ಯಾವುದಕ್ಕೂ ಹೌದು ಎನ್ನುವಂತಿಲ್ಲ, ಅಲ್ಲ ಎನ್ನುವಂತೆಯೂ ಇಲ್ಲ. ಆದರೆ ನಗುವುದಕ್ಕೆ ಅಡ್ಡಿಯಿಲ್ಲ. ಓಪಲ್ ಹೊಸ ಕಥೆ ಕಟ್ಟಿದಾಗಲೆಲ್ಲ ಊಟಕ್ಕೆ ಕೂತ ಗಂಡನಿಗೆ ಮೊದಲು ಹೇಳುವಳು, ಅವನು ಗಹಗಹಿಸಿ ನಗುವನು, ಮರುದಿನ ಕಥೆ ಅಂಗಡಿಗೆ ಬರುವುದು. ಆಡಿನ ಕಥೆಗೆ ಮಾತ್ರ ಡೆಲ್ಬರ್ಟ್ ನಕ್ಕಿರಲಿಲ್ಲ. "ಉಪ್ಪು ಸ್ವಲ್ಪ ಈ ಕಡೆ ಕೊಡು," ಅಂದಿದ್ದ. ಈ ಮನುಷ್ಯನಿಗೆ ರಸಿಕತೆಯೇ ಸತ್ತುಹೋಯಿತು ಎಂದು ಅವಳು ಮುನಿಸಿಕೊಂಡಿದ್ದಳು. ಆ ಉಪ್ಪಿನ ಅರ್ಥ ಹೊಳೆದದ್ದು ಈಗ: ಆಡಿನ ಕಥೆ ನಿಜವಾಗಿದ್ದಕ್ಕೇ ಅವನು ಮಾತು ತಿರುಗಿಸಿದ್ದ. ಅಯ್ಯೋ, ನನ್ನ ಹಾಳು ಬಾಯಿಂದಲೇ ಇವನ ಅನ್ನ ಹೋಯಿತಲ್ಲ ಎಂದುಕೊಂಡಳು.

"ಇವನು ತುಟಿ ಪಿಟಕ್ ಅಂದಿಲ್ಲ ಸಾರ್. ಇಷ್ಟು ವರ್ಷ ಸಂಸಾರ ಮಾಡಿದ್ದೀನಿ, ಒಳಗೆ ಇವನು ಕಸ ಗುಡಿಸ್ತಾನೋ ರಾಕೆಟ್ ಬಿಡ್ತಾನೋ ನಂಗಿನ್ನೂ ಗೊತ್ತಿಲ್ಲ."

"ಹಾಗಾದ್ರೆ ಆಡು?"

"ಕುರುಡ ಎಸೆದ ಕಲ್ಲು. ನಂಬಿಕೆ ಬರ್ತಿಲ್ವಾ? ಇಲ್ಲೇ, ನಿಂತ ಕಾಲಲ್ಲೇ ಇನ್ನೊಂದು ಹುಟ್ಟಿಸ್ತೀನಿ, ನೋಡಿ." ಓಪಲ್ ಕಣ್ಣುಮುಚ್ಚಿ ಉಸಿರು ಎಳೆದುಕೊಂಡಳು. "ಬೇಲಿಯೊಳಗೆ, ನೆಲದ ಕೆಳಗೆ, ಒಂದು ಕೊಳ ತೋಡಿದ್ದಾರೆ. ಉಪ್ಪುನೀರಿನ ಕೊಳ."

"ಹೂಂ," ಎಂದು ಹಾಸ್ಕಿನ್ ಪೈಗೆ ಫೋರ್ಕ್ ಚುಚ್ಚಿದ.

"ಅದ್ರಲ್ಲೊಂದು ತಿಮಿಂಗಿಲ ಇದೆ. ಶತ್ರು ಹಡಗಿನ ಸದ್ದು ಗುರುತು ಹಿಡಿಯೋದು ಕಲಿಸೋಣ ಅಂತ ತಂದಿದ್ರು. ಅದೇನೂ ಕಲೀಲಿಲ್ಲ. ಈಗ ವಯಸ್ಸಾಗಿದೆ, ವಾಪಸ್ ಸಮುದ್ರಕ್ಕೆ ಬಿಡೋಕೆ ಯಾರಿಗೂ ಮನಸ್ಸಿಲ್ಲ. ಅದ್ರ ಹುಟ್ಟಿದ ಹಬ್ಬದ ದಿನ ದೊಡ್ಡ ಸಾಹೇಬ್ರೇ ದಡದಲ್ಲಿ ನಿಂತು ಹಾಡ್ತಾರೆ. ತಿಮಿಂಗಿಲದ ಹೆಸರು ಮಾರ್ಗರೆಟ್."

ಡೆಲ್ಬರ್ಟ್‌ನ ಮೂಗಿನಿಂದ ಕಾಫಿ ಚಿಮ್ಮಿತು. ಬೆಳಿಗ್ಗೆಯಿಂದ ಹೆದರಿ ಮುದುಡಿದ್ದ ಮನುಷ್ಯ ಮೇಜು ಗುದ್ದಿ ಗುದ್ದಿ ನಕ್ಕ. "ಮರಳುಗಾಡಲ್ಲಿ ತಿಮಿಂಗಿಲವಂತೆ. ಓಪಲ್, ನಿನ್ನ ತಲೇಲಿ ಏನಿದೆ ಮಾರಾಯ್ತಿ," ಎಂದು ಕಣ್ಣೊರೆಸಿಕೊಂಡ.

ಹಾಸ್ಕಿನ್ ನಗಲಿಲ್ಲ. ಪೈ ಚುಚ್ಚಿದ ಫೋರ್ಕ್ ಬಾಯಿಯ ಹತ್ತಿರ ಹೋಗಿ ಅಲ್ಲೇ ನಿಂತಿತ್ತು. ಅದನ್ನು ನೋಡಿ ಡೆಲ್ಬರ್ಟ್‌ನ ನಗುವೂ ತಾನಾಗಿ ನಿಂತಿತು.

"ಉಪ್ಪು ಸ್ವಲ್ಪ ಈ ಕಡೆ ಕೊಡಿ," ಎಂದ ಹಾಸ್ಕಿನ್.

ಓಪಲ್ ಉಪ್ಪಿನ ಡಬ್ಬಿಯನ್ನು ಅವನ ಮುಂದೆ ಸರಿಸಿದಳು. ನಕ್ಕು ನಕ್ಕು ಒದ್ದೆಯಾದ ಡೆಲ್ಬರ್ಟ್‌ನ ಕಣ್ಣುಗಳನ್ನೊಮ್ಮೆ ನೋಡಿ, ಅವನು ಗುರುತಿನ ಚೀಟಿಯನ್ನು ಡೆಲ್ಬರ್ಟ್‌ನ ಕಡೆಗೆ ಚಾಚಿ, "ನಾಳೆ ಬಸ್ಸಿಗೆ ತಡ ಮಾಡ್ಬೇಡಿ," ಎಂದ.

"ತಿಮಿಂಗಿಲದ ಅಂಗಿ ಅಚ್ಚು ಹಾಕಿಸಲ್ಲ ಸಾರ್," ಎಂದಳು ಓಪಲ್.

ಹಾಸ್ಕಿನ್ ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಪೀಚ್ ಪೈ ಮೇಲೆ ಧಾರಾಳವಾಗಿ ಉಪ್ಪು ಉದುರಿಸಿಕೊಂಡು, ಕೊನೆಯ ಚೂರಿನವರೆಗೂ ತಿಂದ.