ಕಣ್ಣಿನ ಬಣ್ಣ

ಗುರುತು ಸಿಗದ ಹೆಣದ ಫೋಟೋವನ್ನು ಪತ್ರಿಕೆಗೆ ಹಾಗೇ ಕೊಟ್ಟರೆ ಹೆತ್ತವರಿಗೂ ಗುರುತು ಹತ್ತುವುದಿಲ್ಲವೆಂದು, ಠಾಣೆಯವರು ಕಾನ್‌ಸ್ಟೇಬಲ್ ನೀಲವ್ವನನ್ನು ಕಂಪ್ಯೂಟರ್ ಗ್ರಾಫಿಕ್ಸ್ ತರಗತಿಗೆ ಕಳಿಸಿದ್ದರು. ಸತ್ತವರ ಮುಖವನ್ನು ಬದುಕಿದ್ದಾಗ ಇದ್ದಂತೆ ಬಿಡಿಸುವುದನ್ನು ಅವಳು ಕಲಿಯಬೇಕಿತ್ತು.

ಅಂದು ಅವಳು ಕಾಲುವೆಯಲ್ಲಿ ಸಿಕ್ಕ ಯುವಕನೊಬ್ಬನ ಫೋಟೋ ತಂದಿದ್ದಳು. ನೀರಿನಲ್ಲಿ ನೆನೆದು ಮುಖ ಊದಿಕೊಂಡಿತ್ತು.

"ಹೆದರಬ್ಯಾಡ್ರಿ," ಎಂದರು ಬೆನ್ನ ಹಿಂದೆ ನಿಂತಿದ್ದ ಮೇಷ್ಟರು. "ಫೋಟೋದ ಮ್ಯಾಲೆ ಹೊಸಾ ಲೇಯರ್ ತಗೊಂಡು ಮೊದಲು ಕೆನ್ನಿ ಇಳಸ್ರಿ."

ಅವಳು ಕೆನ್ನೆಯ ಊತ ಇಳಿಸಿದಳು. ಗದ್ದ ಚೂಪಾಯಿತು, ತುಟಿಗೆ ಜೀವ ಬಂತು. ಕೊನೆಗೆ ಮುಚ್ಚಿದ ರೆಪ್ಪೆಗಳನ್ನು ಅಳಿಸಿ ಎರಡು ಕಣ್ಣು ಬಿಡಿಸಿದಳು. ಇಷ್ಟು ಚೆನ್ನಾಗಿ ಅವಳಿಗೆ ಎಂದೂ ಬಂದಿರಲಿಲ್ಲ. ಆದರೆ ಹೆಜ್ಜೆ ಹೆಜ್ಜೆಗೂ ತಿದ್ದುತ್ತಿದ್ದ ಬೆನ್ನ ಹಿಂದಿನ ದನಿ ಯಾವಾಗಲೋ ನಿಂತುಹೋಗಿತ್ತು.

"ಕಣ್ಣಿಗೆ ಕರೀ ಬಣ್ಣ ತುಂಬ್ಲೇನ್ರಿ ಸರ್?" ಎಂದು ಅವಳು ತಿರುಗದೆಯೇ ಕೇಳಿದಳು.

ಹಿಂದಿನಿಂದ ಒಂದು ಕೈ ಬಂದು ಪರದೆಯ ಮೇಲಿನ ಕೆನ್ನೆಯನ್ನು ಮುಟ್ಟಿತು.

"ಹಸಿರು ತುಂಬ್ರಿ," ಎಂದರು ಮೇಷ್ಟರು. "ನಮ್ಮ ತಮ್ಮಂದು ಬೆಕ್ಕಿನ ಕಣ್ಣು."