ಬೆಳಗಿನ ಏಳರ ಸದ್ದು

ಕಾರಿನ ಕೀಲಿ ತಿರುಗಿಸುವ ಮೊದಲೇ ಹಯಗ್ರೀವನ ಕಣ್ಣು ಎದುರು ಮನೆಯ ಕಿಟಕಿಯ ಮೇಲಿತ್ತು. ಎಂಜಿನ್ ಚಾಲೂ ಆಯಿತು. ಟಕ್, ಟಕ್, ಟಕ್. ಕಿಟಕಿಗೆ ಇಳಿಬಿಟ್ಟ ಪರದೆಯ ಪಟ್ಟಿಗಳ ನಡುವೆ ಎರಡು ಬೆರಳು ತೂರಿ ಬಂದವು. ಅವುಗಳ ಹಿಂದೆ ಕನ್ನಡಕ ಮಿಂಚಿತು. ಮರುಕ್ಷಣ ಪಟ್ಟಿಗಳು ಮುಚ್ಚಿಕೊಂಡವು.

ದಿನವೂ ಏಳಕ್ಕೆ ಇದೇ ಪಹರೆ.

ಬಡಾವಣೆಯ ಸಂಘದ ಪತ್ರ ಅವನ ಜೇಬಿನಲ್ಲಿತ್ತು. ಬೆಳಗಿನ ಗದ್ದಲದ ಬಗ್ಗೆ ದೂರು ಬಂದಿದೆ; ಹತ್ತು ದಿನದೊಳಗೆ ನಿಲ್ಲದಿದ್ದರೆ ಕಾರನ್ನು ಇಲ್ಲಿ ಇಡುವಂತಿಲ್ಲ. ದೂರು ಯಾರದೆಂದು ಬರೆದಿರಲಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ. ಹೆಂಡತಿ ನಳಿನಿ ತೀರಿಕೊಂಡ ವಾರ ಎದುರು ಮನೆಯ ಸುಮಿತ್ರವ್ವ ಊಟದ ಡಬ್ಬಿ ತಂದಿದ್ದಳು. ಹಯಗ್ರೀವ ಬಾಗಿಲನ್ನೂ ತೆರೆಯದೆ, "ಬೇಡ, ಇದೆ" ಎಂದು ಕಳಿಸಿದ್ದ. ಮನೆಯಲ್ಲಿ ಏನೂ ಇರಲಿಲ್ಲ. ಅಂದಿನಿಂದ ಇಬ್ಬರ ನಡುವೆ ಮಾತಿಲ್ಲ. ಧಾರವಾಡದ ಹೆಂಗಸು, ಮರೆಯುತ್ತಾಳೆಯೇ?

ಈ ಪರದೇಶದ ಊರಿನಲ್ಲಿ ತೈಲ ಕಂಪನಿಗಳಿರುವ ಎನರ್ಜಿ ಕಾರಿಡಾರ್‌ನ ಕೆಲಸದಿಂದ ನಿವೃತ್ತನಾದ ಮೇಲೆ ಅವನಿಗೆ ಉಳಿದದ್ದು ಈ 1968ರ ಕಾರೊಂದೇ. ಬೆಳಗ್ಗೆ ಅದರಲ್ಲಿ ಹೋಗಿ ಹೆದ್ದಾರಿ ಪಕ್ಕದ ಅಂಗಡಿಯಲ್ಲಿ ಒಂದು ಕಾಫಿ, ಕೌಂಟರಿನ ಹುಡುಗಿಯಿಂದ ಒಂದು 'ಗುಡ್ ಮಾರ್ನಿಂಗ್'. ಎಷ್ಟೋ ದಿನ ಅವನ ಕಿವಿಗೆ ಬೀಳುವ ಮನುಷ್ಯರ ದನಿ ಅಷ್ಟೇ.

ದೂರದ ಊರು ಲಿಯಾಂಡರ್‌ನಲ್ಲಿದ್ದ ಹಳೆಯ ಗೆಳೆಯ ಪ್ರಹ್ಲಾದ್‌ಗೆ ಫೋನಿನಲ್ಲೇ ಸದ್ದು ಕೇಳಿಸಿದ.

"ಬೇರಿಂಗ್ ಹೋಗಿದೆ ಕಣೋ. ಎಂಜಿನ್ ಪೂರ್ತಿ ಇಳಿಸಬೇಕು. ಮಾರಿ ಕೈ ತೊಳ್ಕೋ."

"ನಿನ್ನ ಮಂಡಿನೋವಿಗೂ ಇದೇ ಔಷಧೀನಾ?"

"ನನ್ನನ್ನ ಕೊಳ್ಳೋರು ಯಾರಿದಾರೋ!"

ಹಯಗ್ರೀವ ಒಂದೊಂದೇ ಪ್ಲಗ್ಗಿನ ತಂತಿ ಕಿತ್ತು ನೋಡಿದ. ಬೇರಿಂಗ್ ಸವೆದಿದ್ದರೆ, ಆ ಸಿಲಿಂಡರ್ ಸುಮ್ಮನಾದಾಗ ಬಡಿತವೂ ತಗ್ಗಬೇಕು. ಎಂಟು ಸಿಲಿಂಡರುಗಳಲ್ಲಿ ಒಂದಕ್ಕೂ ತಗ್ಗಲಿಲ್ಲ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್‌ಗೆ ಒತ್ತಿ, ಹಿಡಿಗೆ ಕಿವಿಯಿಟ್ಟು ಹುಡುಕುತ್ತಾ ಹೋದ. ಸದ್ದು ಹಿಂಭಾಗದ್ದು. ಆರನೆಯ ದಿನ ಕಾರಿನಡಿ ಮಲಗಿ ಮುಚ್ಚಳ ಬಿಚ್ಚಿದರೆ, ಎಂಜಿನ್ನನ್ನು ಗೇರ್‌ಬಾಕ್ಸಿಗೆ ಜೋಡಿಸುವ ಬೋಲ್ಟುಗಳಲ್ಲಿ ಮೂರು ಸಡಿಲ. ಬಿಗಿ ಮಾಡಿದ. ಅಷ್ಟೇ. ಇಷ್ಟಕ್ಕೆ ವರ್ಷವಿಡೀ ಹೆದರಿ ಕೂತಿದ್ದೆನಲ್ಲ ಎಂದು ನೆಲದ ಮೇಲೆ ಮಲಗಿಕೊಂಡೇ ನಕ್ಕ.

ಮರುದಿನ ಏಳಕ್ಕೆ ಕಾರು ಬೆಕ್ಕಿನಂತೆ ಗ್ಯಾರೇಜಿನಿಂದ ಹೊರಬಂತು. ಹಿಂದೆ ಬಾಗಿಲು ಇಳಿಯಿತು. ಎದುರು ಕಿಟಕಿಯ ಪಟ್ಟಿಗಳು ಅಲುಗಲೇ ಇಲ್ಲ.

'ಇನ್ನೇನಂತ ದೂರು ಬರೀತೀಯಮ್ಮ?'

ಆ ಖುಷಿಗೆ ಎರಡನೆಯ ಕಾಫಿಯನ್ನೂ ಕುಡಿದ.

ಹಿಂದಿರುಗಿದಾಗ ತನ್ನ ಮನೆಯ ಮುಂದೆ ಆಂಬುಲೆನ್ಸ್ ನಿಂತಿತ್ತು. ಮುಂಬಾಗಿಲನ್ನು ಒಡೆದು ತೆರೆದಿದ್ದರು. ಸಮವಸ್ತ್ರದವನೊಬ್ಬ ಅವನನ್ನು ತಡೆದ. "ಸರ್, ಈ ಮನೆಯಲ್ಲಿರುವ ವೃದ್ಧರು ನಿಮಗೆ ಗೊತ್ತೇ?"

"ಅದು ನಾನೇ."

ಹುಲ್ಲಿನ ಮೇಲೆ ಬರಿಗಾಲಲ್ಲಿ ನಿಂತಿದ್ದ ಸುಮಿತ್ರವ್ವ ಅವನನ್ನು ಕಂಡದ್ದೇ ಓಡಿಬಂದಳು.

"ಇವತ್ತ ನಿಮ್ಮ ಗಾಡಿ ಸಪ್ಪಳಾನ ಬರ್ಲಿಲ್ರೀ... ದಿನಾ ಅದು ಕೇಳಿದ್ರ, ಅಣ್ಣಾರು ಆರಾಮ ಎದ್ದಾರ ಅಂತ ತಿಳ್ಕೊಂಡು ನಾ ಚಾಕ್ಕ ಇಡ್ತಿದ್ದೆ."