ಗೋಡೆ ಬರೆದ ಗೆರೆ

ಬಿರುಕು ಬಿಟ್ಟ ಗೋಡೆಗೆ ಅಂಟಿಸಿದ್ದ ಸೆನ್ಸರಿನ ತಂತಿಯನ್ನು ಇಂದುಮತಿ ಟಿವಿಗೆ ಹೊಂದಿಸಿದ್ದ ಪುಟ್ಟ ಕಂಪ್ಯೂಟರಿಗೆ ಜೋಡಿಸಿದ್ದೇ ತಡ, ಪರದೆಯ ಮೇಲೆ ಬಿಳಿ ಗೆರೆಯೊಂದು ಹೆಡೆಯೆತ್ತಿತು.

“ಆಯಿ, ಗೋಡಿ ನಡುಗಿದಷ್ಟು ಗೆರಿ ಮ್ಯಾಲೇಳತದ.”

“ಅದಕ್ಕ ಮಶೀನ್ ಯಾಕ ಬೇಕವ್ವ? ಲೋಕಲ್ ಹೊಂಟದ,” ಎಂದು ಅಜ್ಜಿ ಬಸವಣ್ಣೆವ್ವ ನಕ್ಕಳು. ಹಳಿಗೆ ಅಂಟಿಕೊಂಡ ಈ ಡೊಂಬಿವಲಿಯ ಕಟ್ಟಡದಲ್ಲಿ ಇಪ್ಪತ್ತು ವರ್ಷಗಳಿಂದ ಏನೇ ಅಲುಗಾಡಿದರೂ ಎಲ್ಲರೂ ಲೋಕಲ್ ಟ್ರೇನನ್ನೇ ಬೈಯುತ್ತಿದ್ದರು.

ರೈಲೊಂದು ದಾಟಿಹೋಗುವಷ್ಟು ಹೊತ್ತು ಕಳೆಯಿತು. ಗೆರೆ ಇಳಿಯಲಿಲ್ಲ, ಇನ್ನೂ ಎತ್ತರಕ್ಕೆ ಚಿಮ್ಮಿತು. ಇಂದುಮತಿ ಕಿಟಕಿಯಾಚೆಯ ಖಾಲಿ ಹಳಿಯತ್ತ ನೋಡಿದಳು.

“ಆಯಿ, ಇವತ್ತ ರೈಲಿನವರ ಹರತಾಳ ಅದ. ಮುಂಜಾನಿಂದ ಒಂದೂ ಗಾಡಿ ಬಂದಿಲ್ಲ!”

ಅಜ್ಜಿಯ ನಗು ಸತ್ತಿತು. ಮೊಮ್ಮಗಳ ರಟ್ಟೆ ಹಿಡಿದೆಳೆಯುತ್ತ, ಅಕ್ಕಪಕ್ಕದ ಬಾಗಿಲುಗಳನ್ನು ಗುದ್ದುತ್ತ ಮೆಟ್ಟಿಲಿಗೆ ಓಡಿದಳು: “ಹೊರಗ ಬರ್ರೆಪೋ! ಕೂಸುಗೋಳ್ನ ಎತ್ಕೋರಿ, ಮನಿ ಬೀಳಲತ್ತದ!”